ಒಂದೇ ರಟ್ಟಿನೊಳಗೆ ಎರಡು ಊರು

ಎರಡು ಊರುಗಳನ್ನು ಒಂದೇ ದಾರದಲ್ಲಿ ಹೊಲಿದು ಹಾಕಿದ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವರ ಹೆಸರು ಮಸ್ತಾನ್ ಸಾಬ್. ದರ್ಗಾ ಇರುವ ರೋಜಾ ಬಡಾವಣೆಯ ಕಡೆ ಹೋಗುವ ಒಂದು ಓಣಿಯಲ್ಲಿ ಅವರ ಬುಕ್ ಬೈಂಡಿಂಗ್ ಅಂಗಡಿ ಇತ್ತು.

ಹೊಲಿಸಿಕೊಂಡ ಊರುಗಳು ಕಲಬುರ್ಗಿ ಮತ್ತು ಕಮಲಾಪುರ. (ಬೋರ್ಡಿನ ಮೇಲೆ ಗುಲ್ಬರ್ಗಾ, ಬಾಯಲ್ಲಿ ಕಲಬುರ್ಗಿ. ನಾನು ಬಾಯಿಯ ಪಕ್ಷ.) ನಡುವೆ ಹುಮನಾಬಾದ್ ರಸ್ತೆಯಲ್ಲಿ ಒಂದು ತಾಸಿನ ಬಸ್ ಪ್ರಯಾಣ. ಆ ಒಂದು ತಾಸನ್ನು ಮಸ್ತಾನ್ ಸಾಬ್ ಸೂಜಿ, ದಾರ ಮತ್ತು ಮೈದಾ ಅಂಟಿನಿಂದ ಅಳಿಸಿಹಾಕಿದರು. ಕೇಳಿದರೆ, "ಗಟ್ಟಿ ಇರ್ಲಿ ಅಂತ ಮಾಡೀನ್ರಿ ಸಾಹೇಬ್ರ" ಎಂದರು.

ಗಟ್ಟಿಯಾಗಿಯೇ ಇತ್ತು. ಅದೇ ತಕರಾರು.

ಎಂಬತ್ತರ ದಶಕದ ಮಾತಿದು. ಆಗ ನಾನು ನಗರದ ಒಂದು ಹಳೆಯ ವಾಚನಾಲಯದ ಸಮಿತಿ ಸದಸ್ಯನಾಗಿದ್ದೆ. (ಹೇಗೆ ಆದೆ ಎಂದು ಕೇಳಬೇಡಿ. ಮೀಟಿಂಗಿಗೆ ತಪ್ಪಿ ಬಂದವರನ್ನೂ ಸದಸ್ಯರನ್ನಾಗಿ ಮಾಡಿಕೊಳ್ಳುವ ಕಾಲ ಅದು.) ಒಂದು ಮೀಟಿಂಗಿನಲ್ಲಿ ನಮ್ಮ ಗ್ರಂಥಪಾಲಕ ಗುಂಡೇರಾಯರು ಎದ್ದು ನಿಂತರು. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ, ಸಿಟ್ಟು ಬಂದರೆ ಎರಡೂ. ಅಂದು ಎರಡೂ ಬಂದವು.

"ಅಹೋ, ಕಾಲೇಜ್ ಹುಡುಗ್ರು ಬಂದು ಸುತ್ತಮುತ್ತಲ ಊರಿನ ಇತಿಹಾಸ ಕೇಳ್ತಾರ್ರಿ. ನಮ್ಮ ಕಪಾಟಿನಾಗ ಏನದ? ಕೋಟೆ ಅದ, ಬಹಮನಿ ಅದ, ಮತ್ತ ಕೋಟೆ ಅದ. ಕೋಟೆ ಗ್ವಾಡಿ ದಾಟಿ ಒಂದು ಮೈಲಿ ಹೋದ್ರ ನಮ್ಮ ಹತ್ರ ಇತಿಹಾಸನ ಇಲ್ಲ!"

ಮಾತು ಖರೆ ಇತ್ತು. ದೊಡ್ಡ ಊರಿಗೆ ಒಂದು ಕಾಯಿಲೆ ಇರುತ್ತದೆ. ತನ್ನ ಹೊರತು ಉಳಿದ ಊರುಗಳಿಗೆ ಬಸ್ ಸ್ಟಾಪು ಇರುತ್ತದೆಯೇ ಹೊರತು ಚರಿತ್ರೆ ಇರುವುದಿಲ್ಲ ಎಂದೇ ಅದು ನಂಬಿರುತ್ತದೆ.

ಗುಂಡೇರಾಯರು ಒಂದು ಉಪಾಯ ಹೇಳಿದರು. ಸುತ್ತಲಿನ ಊರುಗಳ ವಾಚನಾಲಯಗಳಿಗೆ ಬರೆಯೋಣ. ನಿಮ್ಮೂರ ಚರಿತ್ರೆ ಅಚ್ಚಾಗಿದ್ದರೆ ಒಂದು ಪ್ರತಿ ನಮಗೆ ಕೊಡಿ, ನಮ್ಮೂರ ಚರಿತ್ರೆಯ ಒಂದು ಪ್ರತಿ ನಿಮಗೆ ಕೊಡುತ್ತೇವೆ. ಪುಸ್ತಕಕ್ಕೆ ಪುಸ್ತಕ, ಊರಿಗೆ ಊರು. ಸಮಿತಿ ಒಪ್ಪಿತು. ಖರ್ಚಿಲ್ಲದ ಠರಾವಿಗೆ ನಮ್ಮ ಸಮಿತಿ ಎಂದೂ ಬೇಡ ಎಂದದ್ದಿಲ್ಲ.

ಉತ್ತರಗಳು ಬಂದವು. ಹೆಚ್ಚಿನವರು ನಿಮ್ಮ ಪುಸ್ತಕ ಕಳಿಸಿ, ನಮ್ಮದು ಅಚ್ಚಾದಾಗ ನೋಡೋಣ ಎಂದರು. ತಾಜಸುಲ್ತಾನಪುರದಿಂದ ಕೆಲಸಕ್ಕೆ ಬರುವ ಗೆಳೆಯನೊಬ್ಬ ಬಾಯಲ್ಲೇ ಹೇಳಿ ಮುಗಿಸಿದ: "ಪುಸ್ತಕ ಇಲ್ರಿ. ಎಲ್ಲಾ ಗೊತ್ತಿರೋ ಒಬ್ಬ ಮುತ್ಯಾ ಇದ್ದಾನ. ಬೇಕಾದ್ರ ಅವನ್ನ ಕರ್ಕೊಂಡ್ಹೋಗಿ ಕಪಾಟಿನಾಗ ಇಟ್ಕೋರಿ."

ಪುಸ್ತಕ ಇದೆ, ಅಚ್ಚಾಗಿದೆ, ಕೊಡುತ್ತೇವೆ ಎಂದದ್ದು ಒಂದೇ ಊರು. ಅದು ಕಮಲಾಪುರ.

ಪುಸ್ತಕ ಹಿಡಿದುಕೊಂಡು ಖುದ್ದು ಬಂದವರು ಭೀಮಶಾ ಮಾಸ್ತರರು. ಅಲ್ಲಿನ ಶಾಲೆಯಲ್ಲಿ ಮೇಷ್ಟ್ರು, ಸಂಜೆ ಅಲ್ಲಿನ ಸಣ್ಣ ವಾಚನಾಲಯದ ಬೀಗ ತೆಗೆಯುವವರೂ ಅವರೇ, ಊರಿನ ಚರಿತ್ರೆ ಬರೆದವರೂ ಅವರೇ. ಕೈಚೀಲದಲ್ಲಿ ಪುಸ್ತಕ, ಅದರ ಮೇಲೆ ಒಂದು ಚಿಪ್ಪು ಕೆಂಪು ಬಾಳೆಹಣ್ಣು. (ಕಮಲಾಪುರದವರು ಬರಿಗೈಯಲ್ಲಿ ಬಂದರೆ ಅವರು ಕಮಲಾಪುರದವರೇ ಅಲ್ಲ ಎಂದು ತಿಳಿಯಿರಿ.) ಹಣ್ಣು ತಿನ್ನುತ್ತ ನಾನು ಪುಸ್ತಕ ತಿರುವಿದೆ. ತೆಳ್ಳಗಿನದು. ಅಗ್ಗದ ಕಾಗದ. ಆದರೆ ಒಳಗೆ ಸರಕಿತ್ತು. ಬಾವಿಗಳನ್ನು ಯಾರು ತೋಡಿದರು, ಬಾಳೆ ಈ ಕೆಂಪು ಮಣ್ಣಿಗೆ ಹೇಗೆ ಒಗ್ಗಿತು, ನಿಜಾಮನ ಕಾಲದ ಉರ್ದು ಶಾಲೆ, ರಜಾಕಾರರ ಗಲಾಟೆಯಲ್ಲಿ ಯಾವ ಓಣಿಯವರು ಯಾರ ಮನೆಯಲ್ಲಿ ಅಡಗಿದ್ದರು, ಎಲ್ಲ.

"ಇಷ್ಟೆಲ್ಲಾ ಎಲ್ಲಿಂದ ಸಿಕ್ತು ಸರ್?" ಎಂದು ಕೇಳಿದೆ.

"ಹಳೇ ಕಾಗದಪತ್ರ ನೋಡ್ದೆರಿ. ಎಲ್ಲಾ ಉರ್ದುನಾಗ ಅವ. ನಾ ಕಲ್ತದ್ದ ಉರ್ದು ಸಾಲ್ಯಾಗ."

"ಊರಿನ ದೊಡ್ಡ ಮನೆಯವರು ಕೊಟ್ಟರಾ?"

"ಕೊಟ್ರು. ಹೊರಗಿನ ಕಟ್ಟಿ ಮ್ಯಾಲ ತಂದ್ಕೊಟ್ರು. ಅಲ್ಲೇ ಕೂತು ಓದಿ, ಬರ್ಕೊಂಡು, ತಿರುಗಿ ಕಟ್ಟಿ ಮ್ಯಾಲೇ ಇಟ್ಟು ಬಂದೆ." ಅವರು ನಕ್ಕರು. "ಬಿಸಲಾಗ ಉರ್ದು ಛಲೋ ಕಾಣ್ಸತದರಿ."

ಕಟ್ಟೆಯ ಆಚೆ ಅವರನ್ನು ಏಕೆ ಕರೆಯಲಿಲ್ಲ ಎಂದು ನಾನು ಕೇಳಲಿಲ್ಲ. ನಮ್ಮ ಕಡೆ ಅದನ್ನು ಕೇಳಿ ತಿಳಿಯಬೇಕಾಗಿಲ್ಲ.

ಪುಸ್ತಕದ ಮೊದಲ ಹಾಳೆಯ ಮುಂಬದಿಯಲ್ಲಿ ಊರಿನ ಹೆಸರು, ಕೆಳಗೆ ಅವರ ಹೆಸರು. ಹಿಂಬದಿಯಲ್ಲಿ ಒಂದೇ ಸಾಲು: ಈ ಊರಿನ ರಸ್ತೆಗೆ ಕಲ್ಲು ಒಡೆದ ನನ್ನ ಅವ್ವ ಚಂದಮ್ಮನಿಗೆ.

ಮಾಸ್ತರರಿಗೆ ಇದ್ದ ಆಸೆ ಒಂದೇ. ಅದನ್ನು ಅವರು ಮುಚ್ಚಿಡಲೂ ಇಲ್ಲ. "ನಮ್ಮೂರಿನ ಪುಸ್ತಕ ನಿಮ್ಮ ಕಪಾಟಿನಾಗ ತನ್ನ ಕಾಲ ಮ್ಯಾಲ ತಾ ನಿಲ್ಬೇಕ್ರಿ. ಬಂದ ಹುಡುಗ್ರು ಬೆನ್ನ ಮ್ಯಾಲಿನ ಹೆಸರು ಓದ್ಬೇಕು. ಕಮಲಾಪುರಕ್ಕೂ ಚರಿತ್ರೆ ಅದ ಅನ್ನೋದು ಕಲಬುರ್ಗಿಗೆ ಗೊತ್ತಾಗ್ಬೇಕು."

ಇಲ್ಲಿ ಮಸ್ತಾನ್ ಸಾಬ್ ಬರುತ್ತಾರೆ.

ಎರಡೂ ಪುಸ್ತಕಗಳದ್ದು ತೆಳು ಕಾಗದದ ಹೊದಿಕೆ. ಕಪಾಟಿನಲ್ಲಿ ಹಾಗೇ ಇಟ್ಟರೆ ಮಳೆಗಾಲಕ್ಕೆ ಸುರುಳಿ ಸುತ್ತಿಕೊಳ್ಳುತ್ತವೆ. ಆದ್ದರಿಂದ ರಟ್ಟು ಹಾಕಿಸಿಯೇ ಅದಲುಬದಲು ಮಾಡುವುದು ಎಂದಾಯಿತು. ಗುಂಡೇರಾಯರು ನಮ್ಮ ಪುಸ್ತಕವನ್ನು ಮಸ್ತಾನ್ ಸಾಬರ ಅಂಗಡಿಗೆ ಕೊಟ್ಟರು. ಕಮಲಾಪುರದಲ್ಲಿ ಆಗ ಬೈಂಡರ್ ಇರಲಿಲ್ಲ. ಮಾಸ್ತರರೂ ತಮ್ಮ ಪುಸ್ತಕವನ್ನು ಅಲ್ಲಿಗೇ ಒಯ್ದು, ಅಚ್ಚುಕಟ್ಟಾಗಿ, ನಮ್ಮ ಪುಸ್ತಕದ ಮೇಲೆಯೇ ಇಟ್ಟು ಬಸ್ಸು ಹತ್ತಿದರು.

ಮಸ್ತಾನ್ ಸಾಬರ ಕಸುಬು ನಿಮಗೆ ಗೊತ್ತಿರಬೇಕು. ಜನ ಅವರ ಬಳಿ ಏನು ತರುತ್ತಿದ್ದರು? ವಾರಪತ್ರಿಕೆಯಿಂದ ಹರಿದ ಧಾರಾವಾಹಿಯ ಹಾಳೆಗಳು. ಭಜನೆಯ ಸಣ್ಣ ಸಣ್ಣ ಪುಸ್ತಕಗಳು. ಮೆಟ್ರಿಕ್ ಪರೀಕ್ಷೆಯ ಗೈಡುಗಳು. ಒಂದೊಂದಕ್ಕೂ ಬೇರೆ ರಟ್ಟು ಹಾಕಿಸುವಷ್ಟು ಯಾರೂ ಸಾಹುಕಾರರಲ್ಲ. ಒಂದೇ ಅಳತೆ, ಒಂದೇ ವಿಷಯ, ಒಂದರ ಮೇಲೊಂದು ಇಟ್ಟಿದ್ದಾರೆ ಎಂದರೆ ಎಲ್ಲ ಸೇರಿಸಿ ಒಂದೇ ರಟ್ಟು. ಅದು ಆ ಓಣಿಯ ಅಲಿಖಿತ ಕಾನೂನು. ಗಿರಾಕಿ ಬಾಯಿ ಬಿಟ್ಟು ಬೇರೆ ಬೇರೆ ಎಂದು ಹೇಳದಿದ್ದರೆ ಸೇರಿಸುವುದೇ ಸರಿ. ಹೇಳುವ ಗಿರಾಕಿ ಅಪರೂಪ.

ನಾವು ಹೇಳಿರಲಿಲ್ಲ. ಯಾರಾದರೂ ಏಕೆ ಹೇಳುತ್ತಾರೆ? ಮದುವೆಗೆ ಬಂದ ಇಬ್ಬರಿಗೆ ಎರಡು ಎಲೆ ಹಾಕಿ ಎಂದು ಯಾರಾದರೂ ಹೇಳುತ್ತಾರೆಯೇ?

ಗುಂಡೇರಾಯರು ಪುಸ್ತಕ ತರಲು ಹೋದಾಗ ನಾನೂ ಜೊತೆಗಿದ್ದೆ. ಮಸ್ತಾನ್ ಸಾಬ್ ಹೆಮ್ಮೆಯಿಂದ ಎತ್ತಿ ಕೊಟ್ಟರು. ದಪ್ಪ ರಟ್ಟು, ಹಸಿರು ಕ್ಯಾಲಿಕೋ ಬಟ್ಟೆ, ಬೆನ್ನ ಮೇಲೆ ಬಂಗಾರದ ಬಣ್ಣದ ಅಕ್ಷರ: ಗುಲ್ಬರ್ಗಾ ನಗರದ ಚರಿತ್ರೆ.

"ಇನ್ನೊಂದು?" ಎಂದರು ಗುಂಡೇರಾಯರು.

"ಅದರೊಳಗೇ ಅದ ನೋಡ್ರಿ. ದಪ್ಪಂದು ಮುಂದ ಇಟ್ಟೀನಿ, ತೆಳ್ಳಂದು ಹಿಂದ. ಕಾಯ್ದೆ ಪ್ರಕಾರ."

ಗುಂಡೇರಾಯರು ಮರಾಠಿಯಲ್ಲಿ ಏನೋ ಅಂದರು. ಅನುವಾದಿಸುವುದು ಬೇಡ.

ಕಮಲಾಪುರ ಕಲಬುರ್ಗಿಯ ಹೊಟ್ಟೆಯೊಳಗಿತ್ತು. ಹೊಲಿಗೆ ಬಿಚ್ಚಿದರೆ ಆಯಿತಲ್ಲ ಎಂದು ನೀವು ಹೇಳಬಹುದು. ನಾವೂ ಹೇಳಿದೆವು. ಮಸ್ತಾನ್ ಸಾಬ್ ತಲೆ ಕೆರೆದುಕೊಂಡರು. ದಾರ ಬಿಚ್ಚುವುದು ಕಷ್ಟವಲ್ಲ. ಕಷ್ಟ ಇನ್ನೊಂದಿತ್ತು. ಎರಡು ಪುಸ್ತಕ ಕೂಡುವ ಜಾಗ ಬಾಯಿ ಬಿಡಬಾರದೆಂದು ಅವರು ನಮ್ಮ ಪುಸ್ತಕದ ಕೊನೆಯ ಪುಟಕ್ಕೂ ಮಾಸ್ತರರ ಪುಸ್ತಕದ ಮೊದಲ ಪುಟಕ್ಕೂ ಪೂರ್ತಿ ಮೈದಾ ಲೇಯಿ ಬಳಿದು ಒಂದಕ್ಕೊಂದು ಅಂಟಿಸಿಬಿಟ್ಟಿದ್ದರು. ಮೇಲಿನ ತೆಳು ಹೊದಿಕೆಗಳನ್ನು ಕಿತ್ತು ಎಂದೋ ಬಿಸಾಡಿಯಾಗಿತ್ತು.

ಮೊದಲ ಪುಟ ಎಂದರೆ ಮಾಸ್ತರರ ಹೆಸರಿನ ಪುಟ. ಅದರ ಬೆನ್ನಿಗೇ ಅವ್ವನ ಸಾಲು.

ನಮ್ಮ ಪುಸ್ತಕದ ಕೊನೆಯ ಪುಟದಲ್ಲಿ ಏನಿತ್ತು? ನುಣುಪಾದ ಆರ್ಟ್ ಪೇಪರಿನ ಮೇಲೆ ಒಂದು ಭಾವಚಿತ್ರ. ಪುಸ್ತಕದ ಅಚ್ಚಿನ ಖರ್ಚು ವಹಿಸಿದ ಶೇಠಜಿಯವರದು. ಪಗಡಿ, ಮೀಸೆ, ಶಾಲು ಸಮೇತ. ಶೇಠಜಿ ತೀರಿಕೊಂಡಿದ್ದರು. ಅವರ ಅಳಿಯ ನಮ್ಮ ಸಮಿತಿಯ ಅಧ್ಯಕ್ಷರಾಗಿದ್ದರು.

"ನೀರು ಹಚ್ಚಿ ಬಿಡಸ್ಬಹುದು," ಎಂದರು ಮಸ್ತಾನ್ ಸಾಬ್. "ಆದ್ರ ಎರಡೂ ಉಳಿಯಂಗಿಲ್ಲ. ಒಂದನ್ನ ಕೆರದು ತೆಗದ್ರ ಇನ್ನೊಂದು ಉಳೀತದ. ಯಾವ್ದು ಉಳಸ್ಲಿ, ನೀವ ಹೇಳ್ರಿ."

ಸಮಿತಿಯ ತುರ್ತು ಮೀಟಿಂಗ್ ಕರೆಯಲಾಯಿತು. ಚಹಾ ಬಂತು. ಬೇರೆ ಪ್ರತಿ ತರಿಸೋಣ ಎಂದರು ಒಬ್ಬರು. ಬೇರೆ ಪ್ರತಿ ಎಲ್ಲಿದೆ? ನಮ್ಮ ಬಳಿ ಉಳಿದದ್ದು ಎರಡು. ಒಂದು ನಮಗೆ, ಒಂದು ಕೊಡುವುದಕ್ಕೆ. ಕಮಲಾಪುರದವರ ಬಳಿಯೂ ಎರಡೇ. ಉಳಿದ ಕಟ್ಟುಗಳನ್ನು ಮಾಸ್ತರರ ಮನೆಯಲ್ಲಿ ಒರಲೆ ಓದಿ ಮುಗಿಸಿತ್ತು. ಪುಸ್ತಕ ಆರು ತಿಂಗಳು ಅಲ್ಲಿರಲಿ, ಆರು ತಿಂಗಳು ಇಲ್ಲಿರಲಿ ಎಂದರು ಇನ್ನೊಬ್ಬರು. ಇಬ್ಬರು ಹೆಂಡಿರ ಸಂಸಾರದಂತೆ ಕೇಳಿಸಿತು. ಯಾರೂ ಒಪ್ಪಲಿಲ್ಲ.

ಅಧ್ಯಕ್ಷರು ಕೊನೆಗೆ ಬಾಯಿ ಬಿಟ್ಟರು. "ನಮ್ಮ ಮಾವನವ್ರ ಮುಖ ಕೆರೆಯೋದು ಅಂದ್ರ ಹೆಂಗ್ರಿ? ದಿನಾ ಅದೇ ಫೋಟೊಕ್ಕ ಮನ್ಯಾಗ ಹಾರ ಹಾಕ್ತೀವಿ. ಬ್ಯಾಡ. ಬೇಕಾದ್ರ ಹಂಗೇ ಕೂಡೇ ಇರ್ಲಿ. ಕಮಲಾಪುರ ಅಂದ್ರ ಬ್ಯಾರೆ ಏನು, ಗುಲ್ಬರ್ಗಾ ತಾಲೂಕ ಅಲ್ಲೇನು?"

ಮಾತು ಅಲ್ಲಿಗೆ ನಿಂತಿತು. ಹೀಗೇ ಸೇರಿಸಿ ಇಟ್ಟುಕೊಳ್ಳುವುದು, ಇಲ್ಲವೇ ಬೇರೆ ಮಾಡಿ ಮಾಸ್ತರರ ಮೊದಲ ಹಾಳೆ ಕೆರೆದು ತೆಗೆಯುವುದು. ನಿರ್ಧಾರ ಮಾಸ್ತರರಿಗೇ ಬಿಟ್ಟದ್ದು ಎಂದು ಸಮಿತಿ ಉದಾರವಾಗಿ ಬರೆದುಕೊಂಡಿತು. (ಕೊಡಲಿ ನಮ್ಮ ಕೈಯಲ್ಲಿ, ಆಯ್ಕೆಯ ಸ್ವಾತಂತ್ರ್ಯ ಮರದ್ದು.) ನಾನೂ ಕೈ ಎತ್ತಿದೆ. ಚಹಾ ಚೆನ್ನಾಗಿತ್ತು.

ಮಾಸ್ತರರು ಮರುವಾರ ಬಂದರು. ಅಂಗಡಿಯಲ್ಲಿ ನಾವು ನಾಲ್ವರು. ಅವರು, ಗುಂಡೇರಾಯರು, ನಾನು ಮತ್ತು ಒದ್ದೆ ಬಟ್ಟೆ ಹಿಡಿದ ಮಸ್ತಾನ್ ಸಾಬ್. ಉರುಸು ಹತ್ತಿರ ಬಂದಿತ್ತು. ಹೊರಗೆ ಜನವೋ ಜನ. ಮಾಸ್ತರರು ಆ ಹಸಿರು ಪುಸ್ತಕವನ್ನು ಕೈಗೆ ತೆಗೆದುಕೊಂಡು ಮೊದಲು ಬೆನ್ನು ನೋಡಿದರು. ಆಮೇಲೆ ನಡುವೆ ತೆರೆದು ಅಂಟಿದ ಹಾಳೆಯ ಮೇಲೆ ಬೆರಳಾಡಿಸಿದರು.

"ಹಿಂಗೇ ಬಿಟ್ರ ಹುಡುಗ್ರಿಗಿ ಕಮಲಾಪುರ ಒಳಗದ ಅಂತ ಗೊತ್ತಾಗ್ತದೇನ್ರಿ?"

"ಬೆನ್ನು ನೋಡಿ ತಗೋಳ್ಳೋರಿಗೆ ಗೊತ್ತಾಗಂಗಿಲ್ಲ," ಎಂದರು ಗುಂಡೇರಾಯರು. ಸುಳ್ಳು ಹೇಳುವ ಮನುಷ್ಯ ಅಲ್ಲ ಅವರು.

"ಹಂಗಾದ್ರ ಬ್ಯಾರೆ ಮಾಡ್ರಿ. ನನ್ನ ಹೆಸರು ಹೋದ್ರ ಹೋಗ್ಲಿ. ಊರಿನ ಹೆಸರು ನಿಲ್ಲಲಿ."

ಇಷ್ಟು ಅವರು ಸಲೀಸಾಗಿ ಹೇಳಿದರು. ಮಸ್ತಾನ್ ಸಾಬ್ ದಾರ ಕತ್ತರಿಸಿ, ಬಟ್ಟೆ ಹಿಂಡಿ, ಹಾಳೆಯ ಮೇಲೆ ಇಡಬೇಕು ಎನ್ನುವಾಗ ಮಾಸ್ತರರ ಕೈ ಅಡ್ಡ ಬಂತು.

"ತಡೀರಿ."

ಮೇಲಿದ್ದದ್ದು ಹಾಳೆಯ ಹಿಂಬದಿ. ಅವ್ವನ ಸಾಲು. ಅವರು ಅದನ್ನು ಓದಲಿಲ್ಲ, ಸುಮ್ಮನೆ ನೋಡಿದರು. ಮಗ ಮೇಷ್ಟ್ರಾದ ಮೇಲೂ ಚಂದಮ್ಮ ರಸ್ತೆ ಕೆಲಸ ಬಿಟ್ಟಿರಲಿಲ್ಲವಂತೆ. ಅಚ್ಚಾದ ಪುಸ್ತಕವನ್ನು ಮಗ ಕೈಗಿಟ್ಟಾಗ ತನ್ನ ಹೆಸರು ಎಲ್ಲಿದೆ ಎಂದು ಕೇಳಿ, ಆ ಸಾಲನ್ನು ಬೆರಳಿಂದ ಮುಟ್ಟಿ, ಬೆರಳನ್ನು ಹಣೆಗೆ ಒತ್ತಿಕೊಂಡಿದ್ದಳಂತೆ. ಇದನ್ನು ಮಾಸ್ತರರು ನಮಗೆ ಅಲ್ಲೇ ನಿಂತು ಹೇಳಿದರು. ಅವರಿಗೆ ಅಳು ಬಂದಿತ್ತು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ, ಶೇಠಜಿಯ ಮೇಲೆ ವಿನಾಕಾರಣ ಸಿಟ್ಟು ಬಂತು. ಅವರಾದರೂ ಏನು ಮಾಡಿಯಾರು? ಸತ್ತವರು.

"ಮಾಡ್ರಿ," ಎಂದು ಮಾಸ್ತರರು ಕೈ ತೆಗೆದರು. "ನಮ್ಮ ಹತ್ರ ಇನ್ನೊಂದು ಅದಲ್ಲ, ಊರಾಗ. ಅದರಾಗ ಇರ್ತಾಳ."

ಮಸ್ತಾನ್ ಸಾಬ್ ಕೆರೆದರು. ಅಗ್ಗದ ಕಾಗದ. ಸಣ್ಣ ಸಣ್ಣ ಉಂಡೆಯಾಗಿ ಬಂತು. ಕೆಳಗಿನಿಂದ ಶೇಠಜಿಯ ಮೀಸೆ, ಆಮೇಲೆ ಪಗಡಿ ಮೇಲೆದ್ದವು. ತುಸು ಮಸುಕಾಗಿದ್ದರೂ ಗುರುತು ಸಿಗುವಂತಿದ್ದರು.

ಮಾಸ್ತರರ ಪುಸ್ತಕಕ್ಕೆ ಬೇರೆ ರಟ್ಟಾಯಿತು. ಬೆನ್ನು ಸಣ್ಣದು, ಬಂಗಾರದ ಅಕ್ಷರದಲ್ಲಿ ಊರಿನ ಹೆಸರಷ್ಟೇ ಹಿಡಿಸಿತು. ಗುಂಡೇರಾಯರಿಗೆ ಸಮಾಧಾನವಾಗಲಿಲ್ಲ. ಅವರು ತಮ್ಮ ದುಂಡು ಅಕ್ಷರದಲ್ಲಿ ಒಂದು ಚೀಟಿಯ ಮೇಲೆ ಲೇಖಕರ ಹೆಸರು ಬರೆದು ಒಳರಟ್ಟಿಗೆ ಅಂಟಿಸಿದರು. ಯಾವುದರಿಂದ? ಮಸ್ತಾನ್ ಸಾಬರ ಮೈದಾ ಲೇಯಿಯಿಂದಲೇ.

ವಾಚನಾಲಯದ ಜಿರಲೆಗಳಿಗೆ ಮೈದಾ ಲೇಯಿ ಎಂದರೆ ಮದುವೆಯ ಊಟ. ಅಷ್ಟು ಹೇಳಿದರೆ ಸಾಕು.

ಹೇಗಿದ್ದರೂ ಅದಲುಬದಲು ನಡೆಯಿತು. ನಮ್ಮ ಪುಸ್ತಕ ಕಮಲಾಪುರಕ್ಕೆ ಹೋಯಿತು. ಅಲ್ಲಿನವರು ಅದನ್ನು ಶ್ರದ್ಧೆಯಿಂದ ಓದಿದರಂತೆ. ಓದಿದ ಮೇಲೆ ಮಾಸ್ತರರು ಒಮ್ಮೆ ಸಿಕ್ಕಾಗ ಅಂದದ್ದು ಇಷ್ಟು: "ಭಾಳ ಛಲೋ ಅದರಿ. ನಮ್ಮೂರು ಒಂದ್ಕಡಿ ಬರ್ತದ. ಸುಲ್ತಾನ ಯಾರನ್ನೋ ಬೆನ್ನಟ್ಟಿ ಹೋಗೂ ಮುಂದ ದಾರ್ಯಾಗ ನೀರು ಕುಡೀತಾನ, ಅಲ್ಲಿ."

ಗುಂಡೇರಾಯರು ನಿವೃತ್ತರಾದರು. ಆಮೇಲೆ ಬಂದವರು ಪುಸ್ತಕಗಳಲ್ಲಿ ಕಂಡದ್ದನ್ನಷ್ಟೇ ನೋಡಿ ಹೊಸ ಕಾರ್ಡು ಬರೆದರು. ಮಸ್ತಾನ್ ಸಾಬರ ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ನಾನು ಸಮಿತಿ ಬಿಟ್ಟೆ. (ಅಥವಾ ಸಮಿತಿ ನನ್ನನ್ನು ಬಿಟ್ಟಿತು. ಈ ಅಂಕಣ ಶುರುವಾದ ಮೇಲೆ ಯಾವ ಸಮಿತಿಯೂ ನನ್ನನ್ನು ಚಹಾಕ್ಕೆ ಕರೆಯುತ್ತಿಲ್ಲ.) ಈ ಪುಸ್ತಕದ ಕಥೆ ನನಗೆ ಮರೆತೇ ಹೋಗಿತ್ತು, ಹೋದ ಭಾನುವಾರದ ತನಕ.

ಹೋದ ಭಾನುವಾರ ನಗರದ ಒಂದು ಸಭಾಂಗಣದಲ್ಲಿ ಸ್ಥಳೀಯ ಚರಿತ್ರೆಗಳ ಕುರಿತು ವಿಚಾರ ಸಂಕಿರಣ ಇತ್ತು. ಊಟದ ವ್ಯವಸ್ಥೆ ಇದೆ ಎಂದು ಆಮಂತ್ರಣದಲ್ಲೇ ಇತ್ತು, ಹೋದೆ. ನೋಡಿದರೆ ಹಿಂದಿನ ಸಾಲಿನಲ್ಲಿ ಭೀಮಶಾ ಮಾಸ್ತರರು! ಕೂದಲು ಪೂರ್ತಿ ಬೆಳ್ಳಗಾಗಿದೆ, ಕೈಚೀಲ ಮಾತ್ರ ಕೈಯಲ್ಲಿದೆ. ನಾನು ಪಕ್ಕದಲ್ಲಿ ಕುಳಿತೆ. ಅವರನ್ನು ಯಾರೂ ಕರೆದಿರಲಿಲ್ಲ. ಪೇಪರಿನಲ್ಲಿ ಓದಿ ತಾವೇ ಬಸ್ಸು ಹತ್ತಿ ಬಂದಿದ್ದರು.

ದೂರದ ವಿಶ್ವವಿದ್ಯಾಲಯದಿಂದ ಬಂದ ಪ್ರಾಧ್ಯಾಪಕರೊಬ್ಬರು ಮಾತಾಡಲು ನಿಂತರು. ಈ ಭಾಗದ ಊರುಗಳ ಚರಿತ್ರೆಗಳನ್ನೆಲ್ಲ ಜಾಲಾಡಿದ್ದಾರಂತೆ. ಹೆಚ್ಚಿನವನ್ನು ಹೊಗಳುಭಟರ ಬರಹ ಎಂದು ತಳ್ಳಿಹಾಕಿದರು. ಆಮೇಲೆ ಸ್ವರ ಬದಲಾಯಿತು.

"ಆದರೆ ಇಲ್ಲಿನ ಒಂದು ವಾಚನಾಲಯದಲ್ಲಿ ನನಗೆ ಒಂದು ರತ್ನ ಸಿಕ್ಕಿತು. ಕಮಲಾಪುರದ ಚರಿತ್ರೆ. ಲೇಖಕರು ಅಜ್ಞಾತ. ಕಾರ್ಡಿನಲ್ಲೂ ಹಾಗೇ ಇದೆ. ಅಂಥ ಪ್ರಾಮಾಣಿಕ, ಅಷ್ಟೇ ಗಂಭೀರ ಕೃತಿ ಈ ಭಾಗದಲ್ಲಿ ಇನ್ನೊಂದಿಲ್ಲ. ಅದರ ಪ್ರತಿಯೊಂದು ಸಾಲನ್ನೂ ನಂಬಬಹುದು."

ನಾನು ಎದ್ದು ನಿಲ್ಲಲು ಹೋದೆ. ಮಾಸ್ತರರು ನನ್ನ ಅಂಗಿ ಹಿಡಿದು ಕೂರಿಸಿದರು.

"ಕೂಡ್ರಿ, ಕೂಡ್ರಿ. ಇನ್ನೂ ಹೇಳಾಕತ್ತಾರ. ಜಲ್ಮದಾಗ ನನಗ ಯಾರೂ ಇಷ್ಟು ಮಾರ್ಕ್ಸ್ ಕೊಟ್ಟಿಲ್ಲ."

ಪ್ರಾಧ್ಯಾಪಕರು ಮುಂದುವರಿಸಿದರು. ಲೇಖಕ ಯಾರಿರಬಹುದು ಎಂಬುದನ್ನೂ ಅವರು ಸಂಶೋಧಿಸಿದ್ದರು. ಈತ ಹಳೆಯ ಉರ್ದು ದಾಖಲೆಗಳನ್ನು ನೇರವಾಗಿ ಓದಿದ್ದಾನೆ. ಅಂಥ ದಾಖಲೆಗಳು ಊರಿನ ದೊಡ್ಡ ಮನೆತನಗಳಲ್ಲಿ ಮಾತ್ರ ಇರುತ್ತವೆ. ಅಂದರೆ ಅವು ಲೇಖಕನ ಮನೆಯಲ್ಲೇ, ತಾತ ಮುತ್ತಾತಂದಿರ ಪೆಟ್ಟಿಗೆಯಲ್ಲೇ ಇದ್ದವು. ಊರಿನ ಯಜಮಾನಿಕೆಯ ಮನೆತನದ, ವಿದ್ಯಾವಂತ ಪರಂಪರೆಯ ಹಿರಿಯರೊಬ್ಬರು ವಿನಯದಿಂದ ತಮ್ಮ ಹೆಸರನ್ನು ಹಾಕದೆ ಬರೆದ ಕೃತಿ ಇದು. ಸಭೆ ಚಪ್ಪಾಳೆ ತಟ್ಟಿತು.

ಮಾಸ್ತರರು ಚಪ್ಪಾಳೆ ತಟ್ಟಲಿಲ್ಲ. ಕೈಚೀಲವನ್ನು ತೊಡೆಯ ಮೇಲೆ ಒತ್ತಿ ಹಿಡಿದಿದ್ದರು.

ಪ್ರಶ್ನೋತ್ತರ ಎಂದು ಘೋಷಣೆಯಾದದ್ದೇ ತಡ, ಎದ್ದರು. ನಾನಲ್ಲ, ಅವರೇ.

"ಸರ್, ಆ ಪುಸ್ತಕ ಬರ್ದಾಂವ ನಾನೇ ಅದೀನ್ರಿ."

ಸಭೆ ತಿರುಗಿ ನೋಡಿತು. ಪ್ರಾಧ್ಯಾಪಕರ ಮುಖ ಅರಳಿತು. ನಾಟಕವಲ್ಲ, ನಿಜವಾಗಿಯೂ ಅರಳಿತು. ವೇದಿಕೆಯಿಂದ ಇಳಿದು ಬರುವಷ್ಟು ಸಂತೋಷ. ಹೆಸರು ಇಲ್ಲದ್ದು ಹೇಗೆ ಎಂದು ಕೇಳಿದರು. ಬೈಂಡಿಂಗ್ ಸಂಗತಿಯನ್ನು ನಾನು ಎದ್ದು ಎರಡು ಮಾತಿನಲ್ಲಿ ಹೇಳಿದೆ. ಹೆಸರಿರುವ ಪ್ರತಿ ಕಮಲಾಪುರದಲ್ಲಿದೆ ಎಂದೂ ಹೇಳಿದೆ. ಜನ ನಕ್ಕರು. ಪ್ರಾಧ್ಯಾಪಕರೂ ನಕ್ಕರು.

"ಹಾಗಾದರೆ ನನ್ನ ಊಹೆ ಸರಿಯೇ? ಆ ದಾಖಲೆಗಳು ನಿಮ್ಮ ಮನೆತನದವೇ ತಾನೇ?"

"ಅಲ್ರಿ ಸರ್. ಗೌಡ್ರ ಮನೀವು. ಹೊರಗ ಕಟ್ಟಿ ಮ್ಯಾಲ ಕೂತು ಓದೀನಿ. ನಮಗ ಒಳಗ ಕರೀತಿರ್ಲಿಲ್ಲ. ನಮ್ಮವ್ವ ರಸ್ತೆ ಕಲ್ಲು ಒಡೀತಿದ್ಲರಿ. ಅದನ್ನೂ ಪುಸ್ತಕದಾಗ ಬರ್ದಿದ್ದೆ, ಮೊದಲ್ನೇ ಹಾಳ್ಯಾಗ."

ಪ್ರಾಧ್ಯಾಪಕರು ಹೌದೇ ಎಂದರು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ತಮ್ಮ ಟೈಪ್ ಮಾಡಿದ ಪ್ರಬಂಧದ ಮೇಲೆ ಪೆನ್ನು ಹಿಡಿದು, ಬಹಳ ಸೌಜನ್ಯದಿಂದ ಹೇಳಿದರು:

"ಸಂತೋಷ, ಬಹಳ ಸಂತೋಷ. ಹಾಗಿದ್ದರೆ ಅದರಲ್ಲಿನ ಆಧಾರಗಳನ್ನು ನಾವು ಇನ್ನೊಮ್ಮೆ ಪರಿಶೀಲಿಸಬೇಕಾಗುತ್ತದೆ."

ಊಟಕ್ಕೆ ಎಲ್ಲರೂ ಎದ್ದರು. ಮಾಸ್ತರರು ಊಟಕ್ಕೆ ನಿಲ್ಲಲಿಲ್ಲ. ನಾನು ಬಸ್ ಸ್ಟ್ಯಾಂಡಿನವರೆಗೆ ಅವರ ಜೊತೆ ಆಟೋದಲ್ಲಿ ಹೋದೆ. ದಾರಿಯುದ್ದಕ್ಕೂ ಆ ಪ್ರಾಧ್ಯಾಪಕರನ್ನು ಬೈದೆ, ಬರೆಯುತ್ತೇನೆ ಎಂದೆ, ಬಿಡುವುದಿಲ್ಲ ಎಂದೆ. ಅವರು ಎಲ್ಲ ಕೇಳಿಸಿಕೊಂಡರು. "ಬರೀರಿ," ಎಂದರು. "ಆದ್ರ ಅವ್ರಿಗಿ ಬೈಬ್ಯಾಡ್ರಿ. ಪುಸ್ತಕ ತನ್ನ ಕಾಲ ಮ್ಯಾಲ ತಾ ನಿಲ್ಬೇಕು ಅಂದಿದ್ದೆ. ನಿಂತಿತ್ತಲ್ರಿ, ನಾ ಎದ್ದು ನಿಲ್ಲೂ ತನಕ."

ಹುಮನಾಬಾದ್ ಬಸ್ಸು ಹೊರಟಿತು. ನಾನು ಬೈಯುತ್ತಿಲ್ಲ, ಮಾಸ್ತರರಿಗೆ ಮಾತು ಕೊಟ್ಟಿದ್ದೇನೆ. ಒಂದು ಪ್ರಶ್ನೆ ಕೇಳಬಹುದಷ್ಟೇ: ಆ ಮೊದಲ ಪುಟ ಉಳಿದಿದ್ದರೆ, ಪ್ರಾಧ್ಯಾಪಕರು ಎರಡನೆಯ ಪುಟ ತಿರುವುತ್ತಿದ್ದರೇ?